ಬಾಣಂತಿಯ ಕೈಗೆ ಕಾದಂಬರಿ

೧೭ ಅಕ್ಟೋಬರ್ ೧೯೯೬, ಗುರುವಾರ

ಸೋಮವಾರ ಪೊಮೊನಾದ ಕಾಲೇಜಿನಲ್ಲಿ ಪರೀಕ್ಷೆ, ಪಠ್ಯದ ಕಾದಂಬರಿ ಓದಿ ಇನ್ನೂ ಮುಗಿದಿಲ್ಲ. ಮಗು ಮಲಗಿದೆ, ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದೆಯೇ ಎಂದು ಈಗಷ್ಟೇ ಮತ್ತೆ ಮೂಗಿನ ಬಳಿ ಬೆರಳಿಟ್ಟು ನೋಡಿದೆ.

ಬಾಣಂತನಕ್ಕೆಂದು ಉಡುಪಿಯಿಂದ ಈ ಪರದೇಶಕ್ಕೆ ಬಂದಿರುವ ಅತ್ತೆ ಬೆಳಿಗ್ಗೆ ಪುಸ್ತಕ ಕಿತ್ತುಕೊಂಡರು. "ಬಾಣಂತಿ ಓದಿದ್ರೆ ಕಣ್ಣು ಹೋಗ್ತದೆ." ಕಾದಂಬರಿ ಓದುವ ಹುಡುಗಿಯರ ತಲೆ ಕೆಡುತ್ತದೆಂದು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಹಿರಿಯರೂ ಹೆದರಿದ್ದರು, ನನ್ನ ಪರೀಕ್ಷೆಗೆ ಇರುವುದೇ ಆ ಕಾಲದ ಕಾದಂಬರಿ ಅಂದೆ.

"ನೋಡು, ಅವರಿಗೂ ಗೊತ್ತಿತ್ತು!"

ಕಡೆಗೆ ರಾಜಿಯಾಯಿತು. ನನ್ನ ಗಂಡ ದೀಪೇಶ್ ಓದುವುದು, ನಾನು ಕಣ್ಣು ಮುಚ್ಚಿ ಕೇಳುವುದು. ಆ ಕಾಲದ ಮನೆಗಳಲ್ಲೂ ಒಬ್ಬರು ಓದಿ ಉಳಿದವರು ಕೇಳುತ್ತಿದ್ದರಂತೆ. ನನ್ನ ಹಾಗೆ ಕಿವಿಗೆ ಹತ್ತಿ ಇಟ್ಟುಕೊಂಡವರು ಯಾರೂ ಇದ್ದಿರಲಾರರು. ಊಟವಾದ ಮೇಲೆ ಅವನು ಟೆಲಿಫೋನ್ ಡೈರೆಕ್ಟರಿ ಓದುವವನಂತೆ ಓದಿದ, ನಡುನಡುವೆ ಅಮ್ಮನಿಗೆ ಕನ್ನಡದಲ್ಲಿ ಹೇಳಿದ. ದುಷ್ಟನೊಬ್ಬ ಹುಡುಗಿಯನ್ನು ಸಾರೋಟಿಗೆ ಹತ್ತಿಸುವಲ್ಲಿಗೆ ಬಂದದ್ದೇ, "ಉಳಿದದ್ದು ನಾಳೆ. ಬೆಳಿಗ್ಗೆ ಡ್ರೈವ್ ಮಾಡ್ಬೇಕು" ಎಂದು ಆಕಳಿಸುತ್ತ ಎದ್ದ.

"ಎಂತ ನಾಳೆ? ಆ ಹೆಣ್ಣಿನ ಗತಿ ಎಂತ?" ಅತ್ತೆ ನನ್ನತ್ತ ತಿರುಗಿದರು.

"ನನಗೇನು ಗೊತ್ತು ಅತ್ತೆ? ನೀವು ಓದ್ಲಿಕ್ಕೆ ಬಿಟ್ರೆ ಅಲ್ವಾ!"

ಅತ್ತೆ ದೀಪವನ್ನು ನನ್ನ ಹಾಸಿಗೆಯ ಬದಿಗೆಳೆದು ಪುಸ್ತಕವನ್ನು ಮಡಿಲಿಗೆ ಹಾಕಿದರು. "ಬೇಗ ಓದು ಮಾರಾಯ್ತಿ. ನಾಳೆ ನೆತ್ತಿಗೆ ಸ್ವಲ್ಪ ಜಾಸ್ತಿ ಎಣ್ಣೆ ಹಾಕ್ತೇನೆ."

ಹುಡುಗಿ ತಪ್ಪಿಸಿಕೊಂಡಳು! ಅತ್ತೆಯ ಕೋಣೆಯಲ್ಲಿ ಇನ್ನೂ ಬೆಳಕಿದೆ. ಹೋಗಿ ಹೇಳಿ ಬಂದು ಮುಂದೆ ಓದುತ್ತೇನೆ.