ಫೆಬ್ರವರಿಯಲ್ಲಿ ಇಲ್ಲದ ಸಮುದ್ರ

ದೇವದುರ್ಗ
೧೬ ಮೇ ೨೦೨೪

ಅನಿಲಕುಮಾರ ಅವರಿಗೆ,

ಜೈಭೀಮ್. ಮೊದಲೆಲ್ಲ ಬರೆಯುತ್ತಿದ್ದ ‘ಪ್ರೀತಿಯ’ ಈ ಸಲ ಇಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಫೋನಿನಲ್ಲಿ ನಿಮ್ಮ ದನಿ ಕೇಳಲು ಮನಸ್ಸಿಲ್ಲ, ಅದಕ್ಕೇ ಕಾಗದ. ನಮ್ಮಪ್ಪನ ಅವ್ವ, ನನ್ನ ಆಯಿ ಅಮರಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ರಾಯಚೂರಿನ ಡಾಕ್ಟರು ಕಿಡ್ನಿಗೆ ಪೆಟ್ಟಾಗಿದೆ, ಜೋಪಾನ ಮಾಡಿ ಎಂದು ಹೇಳಿ ಕಳಿಸಿದರು. ಯಾರಾದರೂ ಕೈ ಹಿಡಿದರೆ ಬಚ್ಚಲತನಕ ನಡೆಯುತ್ತಾಳೆ. ಹೇಗಿದ್ದಾಳೆ ಎಂದು ನೀವಾಗಿ ಒಂದು ಸಲವೂ ಕೇಳಲಿಲ್ಲ. ಆದರೂ ಹೇಳುತ್ತಿದ್ದೇನೆ, ನನ್ನ ಹಣೆಬರಹ.

ನಿನ್ನೆ ನಿಮ್ಮ ಮೆಸೇಜು ಬಂತು. “ಈ ಸಲ ಎಲ್ ನಿನೊ ಅದ ದುರ್ಗಾ. ಪೆಸಿಫಿಕ್ ಸಮುದ್ರ ಕಾದದ. ಇದ್ರಾಗ ನಮ್ದೇನು ತಪ್ಪು? ಮದುವಿಗಿ ಇನ್ನೊಂದು ದಿನ ಹಿಡಿಯೋಣು. ಸಾಹೇಬ್ರೂ ಬರ್ತೀನಿ ಅಂದಾರ.” ಥೂ! ಓದಿದವಳೇ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಸತ್ತ ಇಲಿಯನ್ನು ಕೈಯಲ್ಲಿ ಹಿಡಿದ ಹಾಗಾಯಿತು.

ಫೆಬ್ರವರಿಯಲ್ಲಿ ಈ ಸಮುದ್ರ ಎಲ್ಲಿ ಹೋಗಿತ್ತು ಅನಿಲ್? ಮಾನ್ವಿಯಲ್ಲಿ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮದುವೆಯ ದಿನ ಗೊತ್ತು ಮಾಡುವಾಗ ನಾನು ಬಾಯಿಬಿಟ್ಟು ಹೇಳಿದ್ದೆ. ನಿಮ್ಮಪ್ಪ ವಿರೂಪಣ್ಣನವರಿದ್ದರು, ನಮ್ಮಪ್ಪನಿದ್ದ, ಆಯಿಯೂ ಇದ್ದಳು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ಹೊಟ್ಟೆ ಹೊರೆಯುವವಳು ನಾನು, ಗಾಳಿ ಮಾತು ಆಡಲಿಲ್ಲ. ಭೂಮಧ್ಯರೇಖೆಯ ಹತ್ತಿರ ಪೆಸಿಫಿಕ್ ನೀರು ಹೋದ ವರ್ಷದಿಂದ ಕಾದಿದೆ ಎಂದೆ. ನೀರು ಕಾದಲ್ಲಿ ಗಾಳಿ ಮೇಲೇರಿ ಮೋಡ ಅಲ್ಲೇ ಕಟ್ಟುತ್ತದೆ, ನಮ್ಮ ಕಡೆಯ ಮಳೆಗಾಳಿ ಸೊರಗುತ್ತದೆ, ಹೋದ ಮುಂಗಾರು ಕೈಕೊಟ್ಟದ್ದನ್ನು ಎಲ್ಲರೂ ನೋಡಿದ್ದೇವೆ ಎಂದೆ. ನೆಲದಲ್ಲಿ ಪಸೆ ಇದ್ದರೆ ಬಿಸಿಲಿನ ಅರ್ಧ ಕಾವು ಅದನ್ನು ಆರಿಸುವುದರಲ್ಲೇ ಕಳೆಯುತ್ತದೆ, ಪಸೆಯೇ ಇಲ್ಲದಿದ್ದರೆ ಪೂರಾ ಕಾವು ನಮ್ಮ ತಲೆಗೇ, ಆದ್ದರಿಂದ ಈ ಬೇಸಿಗೆ ಕೆಟ್ಟದ್ದಿರುತ್ತದೆ, ಮದುವೆ ಬೆಳಕು ಹರಿಯುವಾಗಲೇ ಮುಗಿಸೋಣ ಎಂದೆ.

ನೀವು ತೊಡೆ ತಟ್ಟಿಕೊಂಡು ನಕ್ಕಿರಿ. “ಟೀಚರಮ್ಮ, ಎಲ್ಲಿ ಪೆಸಿಫಿಕ್ಕು, ಎಲ್ಲಿ ಮಾನ್ವಿ? ನಮ್ಮೂರಾಗ ಹಳ್ಳಕ್ಕೇ ನೀರಿಲ್ಲ, ಈಕಿ ಸಮುದ್ರ ತಂದಾಳ!” ಎಂದಿರಿ. ಎಲ್ಲರೂ ನಕ್ಕರು. ಆಯಿ ಮಾತ್ರ ನಗಲಿಲ್ಲ. “ಒಲಿ ಅಡಿಗಿಮನ್ಯಾಗ ಇದ್ರೂ ಪಡಸಾಲಿ ಕಾಯ್ತದಲ್ಲೋ ಯಪ್ಪಾ” ಎಂದಳು. ಆ ಮಾತನ್ನು ನೀವು ಕಿವಿಗೇ ಹಾಕಿಕೊಳ್ಳಲಿಲ್ಲ, ಚಹಾ ತರಲು ಹೇಳಿ ಎದ್ದು ಹೋದಿರಿ.

ನನ್ನ ಹೊಟ್ಟೆ ಉರಿಯುವುದು ಇದಕ್ಕೆ. ನಮ್ಮಲ್ಲಿ ಮುಹೂರ್ತವೇ ಇಲ್ಲ. ಅಯ್ಯನೋರನ್ನು, ಪಂಚಾಂಗವನ್ನು ಬಿಟ್ಟು ಬುದ್ಧ, ಬಾಬಾಸಾಹೇಬರ ಫೋಟೊದ ಮುಂದೆ ಪಂಚಶೀಲ ಹೇಳಿ ಮದುವೆಯಾಗುವ ಜನ ನಾವು. ನಮ್ಮ ಓಣಿಯಲ್ಲಿ ಮೊದಲು ಹಾಗೆ ಮದುವೆಯಾದವಳು ಇದೇ ಆಯಿ. ಊರೆಲ್ಲ ಆಡಿಕೊಂಡಾಗ ತಲೆ ಎತ್ತಿ ನಿಂತವಳು. “ನಮಗ ಗಳಿಗಿ ಹೇಳಾವ್ರು ಯಾರೂ ಇಲ್ಲ” ಎಂದು ಈಗಲೂ ಜಂಬದಿಂದ ಹೇಳುತ್ತಾಳೆ. ಬೆಳಿಗ್ಗೆ ಆರಕ್ಕೆ ಬೇಕಾದರೆ ಆರಕ್ಕೆ ಮಾಡಬಹುದಿತ್ತು, ಕೇಳುವವರಿರಲಿಲ್ಲ. ಅಂಥ ಮನೆಯವರಾದ ನೀವು ಹೋಗಿ ಒಬ್ಬ ಲೀಡರನ್ನು ತಂದು ಮುಹೂರ್ತ ಮಾಡಿಕೊಂಡಿರಿ. ನಿಮಗೆ ರಾಯಚೂರಿನ ಕಾಲೇಜಿಗೆ ವರ್ಗ ಮಾಡಿಸಿಕೊಡುವ ಸಾಹೇಬರು ಬಂದ ಮೇಲೆಯೇ ಪಂಚಶೀಲ!

ಮದುವೆಯ ಆ ಭಾನುವಾರ ಹತ್ತು ಗಂಟೆಗೆಂದು ಹೇಳಿದ್ದಿರಿ. ತಗಡಿನ ಶೆಡ್ಡು ಕಾದು ಹಂಚಾಗಿತ್ತು. “ಸಾಹೇಬ್ರು ಪೋತ್ನಾಳ ದಾಟ್ಯಾರಂತ, ಯಾರೂ ಏಳಬ್ಯಾಡ್ರಿ” ಎಂದು ಮೈಕಿನಲ್ಲಿ ಕೂಗಿದರು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಕೂಗಿದರು, ಆಗಲೂ ಅದೇ ಪಕ್ಕದೂರು ಪೋತ್ನಾಳ ದಾಟಿದ್ದರು. ಮಧ್ಯಾಹ್ನವಾಯಿತು, ಇನ್ನೂ ದಾಟುತ್ತಲೇ ಇದ್ದರು. ಹೆಂಗಸರು ಸೆರಗಿನಿಂದ ಕೂಸುಗಳಿಗೆ ಗಾಳಿ ಹಾಕುತ್ತಿದ್ದರು. ಡ್ರಮ್ಮಿನ ನೀರು ಕುಡಿದರೆ ನಾಲಗೆ ಸುಡುತ್ತಿತ್ತು. ಮುಂದಿನ ಸಾಲಿನಲ್ಲಿ ಮಾತ್ರ ಸೋಫಾ ಹಾಕಿ, ಎರಡೂ ಬದಿಗೆ ಕೂಲರ್ ಇಟ್ಟು, ಸಾಹೇಬರಿಗೂ ಅವರ ಕಡೆಯವರಿಗೂ ಎಂದು ಖಾಲಿ ಬಿಟ್ಟಿದ್ದಿರಿ.

ಆಯಿ ಹೋಗಿ ಅಲ್ಲಿ ಕೂತಳು. ಮೊಮ್ಮಗಳ ಮದುವೆ, ಮುಂದೆ ಕೂತಳು, ಅಷ್ಟೇ. ನಾನು ಸ್ಟೇಜಿನ ಮೇಲೆ ಬಿಳಿ ಸೀರೆಯಲ್ಲಿ ಬೆವರಿ ತೊಪ್ಪೆಯಾಗಿ ಕೂತಿದ್ದೆ, ಅವಳು ತಂಪಿನಲ್ಲಿ ಕೂತದ್ದು ನೋಡಿ ಜೀವಕ್ಕೆ ಸಮಾಧಾನವಾಗಿತ್ತು. ಆಗ ನೀವು ನನ್ನ ಪಕ್ಕದಿಂದ ಎದ್ದು ಕೆಳಗಿಳಿದಿರಿ. ಅವಳಿಗೆ ನೀರು ಕೊಡಲು ಹೋದಿರೆಂದುಕೊಂಡೆ, ಎಂಥ ಹುಚ್ಚಿ ನಾನು! “ಆಯಿ, ಏಳ್ರಿ. ಇದು ಸಾಹೇಬ್ರ ಜಾಗ. ಹಿಂದ ಹೋಗಿ ಕೂಡ್ರಿ” ಎಂದಿರಿ. ಅವಳು ಎದ್ದು, ಕುರ್ಚಿಗಳನ್ನು ಹಿಡಿದುಕೊಂಡು ಹಿಂದೆ ನಡೆದಳು. ನೀವು ಸೋಫಾದ ಹೊದಿಕೆ ಸರಿಮಾಡಿ ಬಂದು ನನ್ನ ಪಕ್ಕದಲ್ಲಿ ಕೂತು, ಯಾಕೆ ಮುಖ ಗಂಟು ಹಾಕಿದ್ದೀ, ಫೋಟೊ ಕೆಡುತ್ತದೆ ಎಂದಿರಿ. ಕೂಲರು ಖಾಲಿ ಸೋಫಾಕ್ಕೆ ಗಾಳಿ ಬೀಸುತ್ತಲೇ ಇತ್ತು.

ಹಿಂದೆ ತಗಡಿನ ಗೋಡೆಯ ಪಕ್ಕ ಆಯಿ ಕುರ್ಚಿಯಿಂದ ಜಾರಿ ಬಿದ್ದಳು. ನಾನು ಓಡಿ ಮುಟ್ಟಿದಾಗ ಅವಳ ಮೈ ಕೆಂಡ, ಒಂದು ಹನಿ ಬೆವರಿಲ್ಲ, ಯಾವಾಗಲೋ ಸತ್ತ ತನ್ನ ತಮ್ಮನನ್ನು ಕರೆಯುತ್ತಿದ್ದಳು. ಅಪ್ಪನೂ ನಾನೂ ಎತ್ತಿ ಟೆಂಪೋಕ್ಕೆ ಹಾಕುವಾಗಲೇ ನಿಮ್ಮ ಸಾಹೇಬರ ಕಾರು ಬಂತು. ಅನಿಲ್ ಎಂದು ನಾನು ಕೂಗಿದೆ. ನೀವು ತಿರುಗಿ ನೋಡಿದಿರಿ. ನೋಡಿಲ್ಲ ಎಂದು ಮಾತ್ರ ಹೇಳಬೇಡಿ. ನೋಡಿ, ಛತ್ರಿ ಬಿಚ್ಚಿಕೊಂಡು ಕಾರಿನ ಕಡೆ ಓಡಿದಿರಿ.

ಸಮುದ್ರ ಬಿಸಿಲು ಕಳಿಸಿತು, ಒಪ್ಪಿದೆ. ಆಯಿಯನ್ನು ಸೋಫಾದಿಂದ ಎಬ್ಬಿಸು ಎಂದು ಸಮುದ್ರ ಹೇಳಿತ್ತೇನು? ಆಗ ನಗಾಡಿದ ಬಾಯಿಂದಲೇ ಈಗ ಅದರ ಹೆಸರು ಹೇಳುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ನಿಮ್ಮಪ್ಪ ಮೊನ್ನೆ ಫೋನ್ ಮಾಡಿ, ವಯಸ್ಸಾದವರು ಬೀಳುತ್ತಾರೆ, ಅದಕ್ಕೆ ಮದುವೆ ಬಿಟ್ಟು ಹೋಗುವುದೇ ಎಂದರು. ನಮ್ಮಪ್ಪ, ಸಾದಾ ಸೀದಾ ಮನುಷ್ಯ, ಹೂಂ ಹೂಂ ಎಂದ. ಅದನ್ನು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಇಷ್ಟೆಲ್ಲ ಉಗಿದ ಮೇಲೂ ಒಂದು ಮಾತು ಉಳಿದಿದೆ. ಅದನ್ನು ಬರೆಯಲು ನನಗೇ ನನ್ನ ಮೇಲೆ ಹೇಸಿಗೆ. ನಿಮ್ಮನ್ನು ಮನಸ್ಸಿನಿಂದ ಪೂರಾ ಕಿತ್ತು ಹಾಕಲು ಇನ್ನೂ ಆಗಿಲ್ಲ. ಅದಕ್ಕೆ ಕೇಳಿ. ಬರುವ ಭಾನುವಾರ ಬೆಳಕು ಹರಿಯುವಾಗ ಒಬ್ಬರೇ ಬನ್ನಿ. ಆಯಿಯ ಹಾಸಿಗೆ ಪಕ್ಕ ನೆಲದ ಮೇಲೆ ಕೂತು, ತಪ್ಪಾಯಿತು ಎನ್ನಿ. ಸಮುದ್ರದ ಸುದ್ದಿ ಎತ್ತಬೇಡಿ. ಅವಳು ಹೂಂ ಎಂದರೆ ಅಲ್ಲೇ ನಮ್ಮ ಅಂಗಳದಲ್ಲಿ, ಬಿಸಿಲು ಏರುವ ಮೊದಲೇ ಪಂಚಶೀಲ ಹೇಳೋಣ. ಬಿಳಿ ಸೀರೆ ಒಗೆದು ಇಟ್ಟಿದ್ದೇನೆ.

ಇಂತಿ,
ಇನ್ನೂ ಯಾರ ಹೆಂಡತಿಯೂ ಅಲ್ಲದ
ದುರ್ಗಾ

ತಾ.ಕ.: ಈ ಕಾಗದ ಇನ್ನೂ ಬ್ಯಾಗಿನಲ್ಲೇ ಇತ್ತು, ಇವತ್ತು ಮಧ್ಯಾಹ್ನ ನಿಮ್ಮ ಸಾಹೇಬರು ಫೋಟೊಗ್ರಾಫರನನ್ನು ಕಟ್ಟಿಕೊಂಡು ಆಯಿಯನ್ನು ‘ಮಾತಾಡಿಸಲು’ ಬಂದರು. ನಾನು ಒಳಗೆ ಹೋಗಿ ಹೇಳಿದೆ. ಆಯಿ ಕಣ್ಣು ಕೂಡ ತೆರೆಯಲಿಲ್ಲ. “ಪೋತ್ನಾಳ ದಾಟಿ ಬರಾಕತ್ತಾಳಂತ ಹೇಳು. ನಿಂದ್ರಲಿ” ಎಂದಳು. ಬಂದು ಹಾಗೆಯೇ ಹೇಳಿ ಬಾಗಿಲು ಮುಂದೆ ಮಾಡಿದೆ. ಬಾಗಿಲ ಸಂದಿಯಿಂದ ಬಹಳ ಹೊತ್ತು ನೋಡಿದೆ. ಅಂಗಳದಲ್ಲಿ ಸಾಹೇಬರು ನೆರಳಿನಲ್ಲಿದ್ದರು. ಅವರ ತಲೆಯ ಮೇಲೆ ಛತ್ರಿ ಹಿಡಿದು ಬಿಸಿಲಿನಲ್ಲಿ ನಿಂತವರು ನೀವು. ಭಾನುವಾರ ಬರಬೇಡಿ.