ಡಾಕ್ಟರಮ್ಮ ಕೇಳಿದ್ದು

ಅಮ್ಮ,

ನೀನಿದ್ದಿದ್ದರೆ ಇದನ್ನು ಫೋನಿನಲ್ಲೇ ಹೇಳುತ್ತಿದ್ದೆ.

ಇವತ್ತು ನಿನ್ನ ಅಳಿಯನ ಜೊತೆ ಮಾಜಿ ಸೈನಿಕರ ಆಸ್ಪತ್ರೆಗೆ ಹೋಗಿದ್ದೆ. ಸೈನ್ಯದಲ್ಲಿದ್ದಾಗ ಲಾರಿ ಉರುಳಿ ಪೆಟ್ಟಾದ ಸೊಂಟದ ನೋವು ಇನ್ನೂ ಇವರನ್ನು ಬಿಟ್ಟಿಲ್ಲ. ಹೊಸ ಡಾಕ್ಟರಮ್ಮ ಚೀಟಿ ಬರೆಯುವ ಮೊದಲು ಕುರ್ಚಿ ಎಳೆದುಕೊಂಡು ಇವರ ಪಕ್ಕದಲ್ಲೇ ಕೂತರು.

"ಮಾತ್ರೆ ಜಾಸ್ತಿ ಮಾಡಬಹುದು, ಇಲ್ಲ ಕಮ್ಮಿ ಮಾಡಿ ವ್ಯಾಯಾಮ ಕಲಿಸಬಹುದು. ನೋವು ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ನಿಮಗೆ ಯಾವುದು ಮುಖ್ಯ ಹೇಳಿ, ಇಬ್ಬರೂ ಸೇರಿ ತೀರ್ಮಾನ ಮಾಡೋಣ."

"ಮಾತ್ರೆ ನುಂಗುದ್ರೆ ದಿನವೆಲ್ಲ ಮಂಪರು ಕಣಮ್ಮ. ವಸಿ ನೋವಿದ್ರೂ ಇರ್ಲಿ, ಕುರಿ ಹಿಂದೆ ಓಡಾಡಂಗಾದ್ರೆ ಸಾಕು" ಎಂದರು ಇವರು. ಡಾಕ್ಟರಮ್ಮ ಒಪ್ಪಿ ಮಾತ್ರೆ ಕಮ್ಮಿ ಮಾಡಿದರು, ವ್ಯಾಯಾಮ ತೋರಿಸಿಕೊಟ್ಟರು.

ನಾನು ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು ಅಮ್ಮ, ಅದೂ ಕಟ್ಟಿಕೊಂಡ ಗಂಡನ ಮೇಲೆ. ನನ್ನ ಮಂಡಿಯ ಬಗ್ಗೆ ಯಾರು ಹೀಗೆ ಪಕ್ಕದಲ್ಲಿ ಕೂತು ಕೇಳಿದ್ದಾರೆ? ನಿನ್ನ ಬೆನ್ನಿನ ಬಗ್ಗೆ? ಗೋಡೆ ಹಿಡಿದು ಏಳುತ್ತಿದ್ದೆ ನೀನು. ನಾವೆಲ್ಲ ಅಲ್ಲೇ ಊಟಕ್ಕೆ ಕೂತಿರುತ್ತಿದ್ದೆವು, ಇನ್ನೊಂದು ಮುದ್ದೆ ತಾ ಎನ್ನುತ್ತಿದ್ದೆವು.

ಊರಿಗೆ ವಾಪಸಾಗಲು ಶಿರಾದಲ್ಲಿ ಹುಲಿಕುಂಟೆ ಬಸ್ಸು ಹತ್ತುವಾಗ ನಾನು ಮೆಟ್ಟಿಲ ಮೇಲೆ ತಡವರಿಸಿದ್ದನ್ನು ಇವರು ನೋಡಿದರು.

"ನಿಂಗೂ ಮಂಡಿ ನೋಯ್ತದೇನೇ? ಡಾಕ್ಟ್ರಿಗೆ ತೋರ್ಸಾನ? ಏನ್ಮಾಡಾನ, ನೀನೇ ಹೇಳು."

ಎಷ್ಟೋ ವರ್ಷದಿಂದ ಕಾದಿದ್ದ ಮಾತು ಅದು.

"ನಂಗೇನಾಗೈತೆ, ಹತ್ರಿ ಸುಮ್ನೆ" ಎಂದುಬಿಟ್ಟೆ.

ಥೇಟ್ ನಿನ್ನದೇ ದನಿ, ಅಮ್ಮ.

ಗಿರಿಜ