ಭುಜದೆತ್ತರದ ಹಸಿರು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಮರಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದು ಬರೆಯುತ್ತೀಯ, ಅದನ್ನು ಓದಿ ನನಗೆ ಮೈಯೆಲ್ಲ ಉರಿಯುತ್ತದೆ. ಊಟ ಮಾಡುತ್ತೀಯಾ ಎಂದೂ ಕೇಳುವುದಿಲ್ಲ. ಹೋದ ಸಲ ಬಂದಾಗ ನಿನ್ನ ಕೈಗಡಿಯಾರ ಮೊಣಕೈವರೆಗೆ ಜಾರಿದ್ದನ್ನು ನೋಡಿದೆ. ನಾನು ನೋಡಿದೆನೆಂದು ನೀನು ತೋಳು ಕೆಳಗೆಳೆದುಕೊಂಡದ್ದನ್ನೂ ನೋಡಿದೆ.

ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ‘ಹೂಂ’, ‘ಇಲ್ಲಮ್ಮ’, ‘ಇಡ್ಲಾ?’ ಇಷ್ಟೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ‘ಇಡ್ಲಾ’ ಅನ್ನಲು ಬರುವುದಿಲ್ಲವಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ಈ ಹಳೇ ಮನೆಯನ್ನು ನಾನು ನನಗೋಸ್ಕರ ಕೊಂಡದ್ದಲ್ಲ. ನನಗೆ ಬಟ್ಟೆ ಗಿರಣಿಯ ಹಿಂದಿನ ಆ ಒಂದು ಕೋಣೆಯೇ ಸಾಕಾಗಿತ್ತು. ಅಳಿಯಂದಿರು ಹೋದ ಮೇಲೆ ನೀನು ಆ ಬಾಡಿಗೆ ಮನೆಯಲ್ಲಿ ಅವರ ಅಂಗಿಗಳನ್ನು ಕಾಯುತ್ತ ಒಬ್ಬಳೇ ಕೂತಿರುವುದನ್ನು ನೋಡಲಾರದೆ ಕೊಂಡೆ. ಎರಡು ಕೋಣೆ. ನಿನ್ನದಕ್ಕೆ ಬೆಳಗಿನ ಬಿಸಿಲು ಬರುತ್ತದೆ. ನಿನ್ನ ಕೆಲಸದ ಕಡೆಗೆ ಹೋಗುವ ಬಸ್ಸು ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಅಕ್ಕಪಕ್ಕದವರು ತಮ್ಮ ಪಾಡಿಗೆ ತಾವಿರುವ ಜನ. ಎಲ್ಲ ಯೋಚಿಸಿದ್ದೆ, ಬಚ್ಚಲುಮನೆ ಒಂದನ್ನು ಬಿಟ್ಟು.

ಅವತ್ತು ನೀನು ಚೀಲ ಇಳಿಸಿ ಮುಖ ತೊಳೆಯಲು ಹೋದೆ. ನಲ್ಲಿ ತಿರುಗಿಸಿದ ಸದ್ದೇ ಕೇಳಲಿಲ್ಲ, ಹೊರಗೆ ಬಂದುಬಿಟ್ಟೆ. ಮುಖ ಒಳಗೆ ಹೋಗುವಾಗ ಇದ್ದ ಹಾಗೇ ಒಣಗಿತ್ತು. ‘ನಾಳೆ ಬೇಗ ಕೆಲಸ ಇದೆ ಅಮ್ಮ, ಇವತ್ತೇ ಹೊರಡ್ತೀನಿ’ ಅಂದೆ. ಬಡಿಸಿಟ್ಟ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತು ಬೈದದ್ದು ನೆನಪಿರಬೇಕು. ಹಟಮಾರಿ ಅಂದೆ. ಹೆತ್ತವಳ ಮನೆಯಲ್ಲಿ ಒಂದು ರಾತ್ರಿ ಮಲಗಲಾಗದಷ್ಟು ದೊಡ್ಡ ಮನುಷ್ಯಳಾಗಿಬಿಟ್ಟೆಯಾ ಅಂದೆ. ನೀನು ಬಸ್ಸು ಹತ್ತಿದ ಮೇಲೂ ಪಾತ್ರೆ ಕುಕ್ಕುತ್ತ ಬೈಯುತ್ತಲೇ ಇದ್ದೆ.

ಆಮೇಲೊಂದು ದಿನ ನಲ್ಲಿ ಸೋರುತ್ತದೆ ಎಂದು ಪ್ಲಂಬರ್‌ನನ್ನು ಕರೆಸಿದೆ. ಕೈಗಿಂತ ಬಾಯಿ ಜೋರು ಆಸಾಮಿಗೆ. ಒಳಗೆ ಕಾಲಿಟ್ಟವನೇ ನಕ್ಕ. ‘ಏನಮ್ಮಾ, ಇದು ಬಚ್ಚಲುಮನೆಯಾ, ವಾರ್ಡಾ? ಈ ಹಸಿರನ್ನ ಈಗ ಆಸ್ಪತ್ರೆಯವರೂ ಹಾಕಲ್ಲ’ ಅಂದ.

ಆಗ ಹೊಳೆಯಿತು ನೋಡು ನನ್ನ ಮಂದ ತಲೆಗೆ. ಭುಜದೆತ್ತರದವರೆಗೆ ಹಸಿರು ಟೈಲ್ಸು, ಅದೇ ಹಸಿರಿನ ಬೇಸಿನ್ನು. ಅಳಿಯಂದಿರು ಮಲಗಿದ್ದ ವಾರ್ಡಿನ ತುದಿಯ ಬಚ್ಚಲುಮನೆಯೂ ಹೀಗೇ ಇತ್ತು. ಆ ಚಳಿಗಾಲವೆಲ್ಲ ನೀನು ಅಲ್ಲಿ ಅವರ ಬಟ್ಟೆ ಹಿಂಡಿದೆ. ಅವರು ವಾಂತಿ ಮಾಡಿಕೊಂಡ ಪಾತ್ರೆ ತೊಳೆದೆ. ಅಳು ಕೇಳಿಸಬಾರದೆಂದು ನಲ್ಲಿ ಜೋರಾಗಿ ಬಿಟ್ಟು ಅತ್ತೆ. ‘ಕಣ್ಣು ಮುಚ್ಚಿದರೂ ಆ ಹಸಿರೇ ಕಾಣುತ್ತಮ್ಮ’ ಎಂದು ನೀನೇ ಒಂದು ಸಲ ಹೇಳಿದ್ದೆ. ಅಂಥದ್ದನ್ನು ನಾನೇ ಹುಡುಕಿ ಕೊಂಡು ನಿನ್ನ ಮುಂದೆ ಇಟ್ಟೆನಲ್ಲ.

ಜೀವಮಾನವೆಲ್ಲ ಗಿರಣಿಯಲ್ಲಿ ಬಣ್ಣ ತಾಳೆ ನೋಡಿದವಳಿಗೆ ಇದು ಹೇಗೆ ಕಾಣಲಿಲ್ಲ ಎಂದು ನೀನು ಕೇಳಬಹುದು. ಮನೆ ತೋರಿಸಿದ ದಿನ ದಲ್ಲಾಳಿ ಬಚ್ಚಲಿನ ಕಿಟಕಿ ತೆಗೆದಿರಲಿಲ್ಲ. ಒಳಗೆ ಒಂದು ಹಳದಿ ಬಲ್ಬು, ಅದರ ಮೇಲೆ ಬೆರಳು ದಪ್ಪ ಧೂಳು. ಬಲ್ಬಿನ ಕೆಳಗೆ ಬಣ್ಣ ನೋಡಬೇಡಿ ಎಂದು ಗಿರಣಿಗೆ ಹೊಸದಾಗಿ ಬಂದವರಿಗೆಲ್ಲ ಗದರುತ್ತಿದ್ದವಳು ನಾನೇ. ಹೋಗಲಿ ಬಿಡು, ಆದದ್ದು ಆಯಿತು.

ಒಡೆಸಿಬಿಡೋಣ ಎಂದುಕೊಂಡೆ. ಟೈಲ್ಸಿನ ಹಿಂದೆ ಪೈಪು, ಪೈಪಿನ ಹಿಂದೆ ಪಕ್ಕದವರ ಗೋಡೆ, ಉಳಿ ಇಟ್ಟರೆ ಅವರ ಅಡುಗೆಮನೆ ನಮ್ಮ ಬಚ್ಚಲಿಗೆ ಬಂದು ಕೂರುತ್ತದೆ ಎಂದು ಪ್ಲಂಬರ್ ಕೈಯೆತ್ತಿಬಿಟ್ಟ. ಸರಿ, ಬಳಿದೇಬಿಡೋಣ ಎಂದು ಬಿಳಿ ಪೇಂಟು ತಂದೆ. ನಾನೇ ಬಳಿದೆ. ಬಿಸಿನೀರಿನ ಹಬೆ ತಾಗಿದ್ದೇ ತಡ, ಹಾಲಿನ ಕೆನೆಯ ಹಾಗೆ ಮುದುರಿಕೊಂಡು ಕೈಗೆ ಬಂತು. ನೆಲದ ಮೇಲೆ ಕೂತು ಅಷ್ಟನ್ನೂ ಕೆರೆದೆ. ಕೆರೆಯುತ್ತ ಅತ್ತೆ. ನಿನ್ನ ಹತ್ತಿರ ಹೇಳಲು ನನಗೇನು ನಾಚಿಕೆ.

ಆಮೇಲೆ ಹಟ ಬಂತು, ನಿನ್ನ ಹಟ ಎಲ್ಲಿಂದ ಬಂದದ್ದು ಅಂದುಕೊಂಡಿದ್ದೀಯ. ಗೋಡೆ ಹೋಗದಿದ್ದರೆ ಕತ್ತೆ ಬಾಲ, ಅದರ ಸುತ್ತ ಬೇರೆ ಬಣ್ಣ ತುಂಬಿ ಅದರ ಬಾಯಿ ಮುಚ್ಚಿಸುತ್ತೇನೆ ಎಂದು ಹೊರಟೆ. ಕಣ್ಣಿಗೆ ಹೊಡೆಯುವ ಬಣ್ಣದ ಪಕ್ಕ ಏನಿಡಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪು ಇಟ್ಟರೆ ಹಸಿರು ಇನ್ನೂ ಕೂಗಾಡುತ್ತದೆ. ಬಿಳಿ ಇಟ್ಟರೆ ಮತ್ತೆ ಆಸ್ಪತ್ರೆಯೇ. ಮರಳಿನ ಬಣ್ಣ ಇಟ್ಟರೆ ತೆಪ್ಪಗಾಗುತ್ತದೆ.

ಪೇಟೆಯ ದೊಡ್ಡ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಇಳಿಬಿಡುವ ಪರದೆ, ಟವೆಲ್ಲು, ಕಾಲೊರಸು, ಬಕೆಟ್ಟು, ಮಗ್ಗು. ಯಾವ ಬಣ್ಣ ತೋರಿಸಲಿ ಎಂದಳು ಅಂಗಡಿಯವಳು. ಬಣ್ಣದ ಚಿಂತೆ ನನಗೆ ಬಿಡು ತಾಯಿ, ನೀನು ಕಪಾಟು ತೆಗೆ ಸಾಕು ಅಂದೆ. ಒಂದೊಂದನ್ನೂ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿ ಆರಿಸಿದೆ. ಎಲ್ಲ ಒಂದೇ ಮರಳಿನ ಬಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲವೂ ಇದೇ ಬಣ್ಣ ಸಾಕಾ ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಸಾಕು ಅಂದೆ, ಸ್ವಲ್ಪ ಜಂಬದಿಂದಲೇ ಅಂದೆ.

ನಿನ್ನೆ ಪಕ್ಕದ ಮನೆಯ ಟೈಲರಮ್ಮನ ಸ್ಟೂಲು ಇಸಕೊಂಡು ಬಂದು ಪರದೆ ತೂಗುಹಾಕಿದೆ. ಹಾಕಿ, ಬಾಗಿಲಲ್ಲಿ ನೀನು ನಿಂತಿದ್ದ ಜಾಗದಲ್ಲೇ ನಿಂತು ನೋಡಿದೆ. ಎಷ್ಟು ಹದವಾಗಿ ಕೂತಿದೆ ಗೊತ್ತಾ? ಪರದೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಕಣ್ಣಿಗೆ ಹೊಡೆಯುವಂಥದ್ದು ಏನೂ ಉಳಿದಿಲ್ಲ. ಎಷ್ಟೋ ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಉಂಡೆ.

ಗಿರಣಿಯಲ್ಲಿ ನನ್ನನ್ನು ಈಗ ಬಟ್ಟೆ ಮಡಿಸುವ ಕಡೆ ಹಾಕಿದ್ದಾರೆ. ನಾನೇ ಕೇಳಿ ಹಾಕಿಸಿಕೊಂಡೆ. ಕೂತು ಮಾಡುವ ಕೆಲಸ, ಕಾಲು ಹಿಡಿಯುವುದಿಲ್ಲ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಮರಿ, ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನನಗೆ ಭಯವಾಗುತ್ತದೆ. ಗಿರಣಿಯಲ್ಲಿ ಫೋನು ಹೊಡೆದುಕೊಂಡರೆ ಕೈಲಿರುವ ಬಟ್ಟೆ ಬಿಟ್ಟು ಓಡುತ್ತೇನೆ. ಒಂದು ದಿನ ನಾನು ಬಂದು ನಿನ್ನ ಬಾಗಿಲು ಬಡಿಯುತ್ತೇನೆ, ಒಳಗಿನಿಂದ ಯಾರೂ ತೆಗೆಯುವುದಿಲ್ಲ ಎಂದು ಕೆಲಸದ ನಡುವೆಯೂ ಕಣ್ಣಿಗೆ ಕಟ್ಟುತ್ತದೆ. ಅಳಿಯಂದಿರನ್ನು ನಾನು ಮರೆ ಅನ್ನುವುದಿಲ್ಲ. ಅವರ ಅಂಗಿಗಳನ್ನೂ ತಾ. ನಿನ್ನ ಕೋಣೆಯ ಕಪಾಟು ಖಾಲಿ ಇಟ್ಟಿದ್ದೇನೆ. ಮಾತಾಡಬೇಕೆಂದಿಲ್ಲ, ನಗಬೇಕೆಂದಿಲ್ಲ. ಇನ್ನೊಂದು ಕೋಣೆಯಲ್ಲಿ ನೀನು ಹೊರಳುವ ಸದ್ದು ಕೇಳಿದರೆ ನನಗೆ ಸಾಕು.

ಈ ಶನಿವಾರ ಬಾ. ಬಾ ಮರಿ.

ನಿನ್ನನ್ನು ಬೈಯುವುದಕ್ಕೆ ಇರುವ ಒಬ್ಬಳೇ,
ಅಮ್ಮ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚುವುದರಲ್ಲಿದ್ದೆ, ಟೈಲರಮ್ಮ ಸ್ಟೂಲು ವಾಪಸು ಒಯ್ಯಲು ಬಂದಳು. ಬಚ್ಚಲುಮನೆ ತೋರಿಸಿದೆ, ಹೊಗಳಲಿ ಎಂದೇ ತೋರಿಸಿದೆ. ಹೊಗಳಿದಳು ಕೂಡ. ‘ಕಣ್ಣು ಅಂದ್ರೆ ನಿಮ್ಮದೇ ಕಣ್ಣು ಬಿಡಿ. ಅಷ್ಟು ಹಳೇ ಹಸಿರಿಗೆ ಅದೇ ಹಸಿರು ಎಲ್ಲಿ ಹುಡುಕಿದ್ರಿ? ಪರದೆ, ಟವೆಲ್ಲು, ಬಕೆಟ್ಟು, ಎಲ್ಲಾ ಒಂದೇ ಹಸಿರು’ ಅಂದಳು.

ಅವಳು ಹೋದ ಮೇಲೆ ಟವೆಲ್ಲು ಹಿಡಿದುಕೊಂಡು ಬೀದಿಗೆ ಹೋದೆ. ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಈಗಲೂ ಅದು ಮರಳಿನ ಬಣ್ಣವೇ.

ಬಲ್ಬಿನ ಮಾತು ಸುಳ್ಳು ಮರಿ. ಮನೆ ನೋಡಿದ ದಿನ ಕಿಟಕಿ ತೆರೆದೇ ಇತ್ತು. ಗಿರಣಿಯಲ್ಲಿ ಮಡಿಸುವ ಕೆಲಸವನ್ನು ನಾನು ಕೇಳಲೂ ಇಲ್ಲ. ನಾನು ತಾಳೆ ನೋಡಿ ಕಳಿಸಿದ ಬಟ್ಟೆಯೆಲ್ಲ ಬಣ್ಣ ತಪ್ಪಿದೆ ಎಂದು ವಾಪಸು ಬಂತು, ಮಾರನೆಯ ದಿನ ನನ್ನ ಜಾಗದಲ್ಲಿ ಬೇರೆಯವಳು ಕೂತಿದ್ದಳು. ಕಣ್ಣಿನ ಹಿಂದಿನ ನರ ಸೊರಗುತ್ತಿದೆ ಎಂದರು ಡಾಕ್ಟರು. ಮೊದಲು ಬಣ್ಣ ಹೋಗುತ್ತದಂತೆ, ಉಳಿದ ದೃಷ್ಟಿ ಆಮೇಲೆ. ಔಷಧಿ ಇಲ್ಲವಂತೆ. ಏನೋ ಒಂದೆರಡು ಬಣ್ಣ ಹೋಗಿರಬಹುದು ಅಂದುಕೊಂಡಿದ್ದೆ, ಇಷ್ಟು ಹೋಗಿದೆ ಅಂದುಕೊಂಡಿರಲಿಲ್ಲ.

ಈ ಕಾಗದವನ್ನು ಹರಿದುಹಾಕಬೇಕಿತ್ತು. ಇನ್ನೊಂದು ಬರೆಯುವ ಶಕ್ತಿ ನನ್ನಲ್ಲಿಲ್ಲ. ಅಳಿಯಂದಿರ ಬಟ್ಟೆ ಹಿಂಡಿ, ಅವರ ಕೈ ಹಿಡಿದು ನಡೆಸಿ ನೀನು ಹೀಗಾದೆ. ಆ ಹಸಿರು ಗೋಡೆಗಳ ನಡುವೆ ಮತ್ತೆ ಇನ್ನೊಬ್ಬಳನ್ನು ಹಿಡಿದು ನಡೆಸಲು ನಿನ್ನನ್ನು ಕರೆಯಲಾರೆ. ಬರಬೇಡ. ಮೇಲೆ ‘ಬಾ ಮರಿ’ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಬೇಕೆಂದು ಪೆನ್ನು ತೆಗೆದುಕೊಂಡೆ. ಕೈ ಬರಲಿಲ್ಲ. ಆ ಸಾಲನ್ನು ನೀನೇ ಬಿಟ್ಟು ಓದಿಕೊ.